ಮಾಸ್ಟ್ರು ಕಾಯ್ತಾರೆ

“ಏಳು ಅಂದೆ!”

ಕಮಲಾವತಿ ಹುಡುಗಿಯ ರಟ್ಟೆ ಹಿಡಿದು ಎಳೆದಳು. ಹುಡುಗಿ ಜಗಲಿಯ ಕಂಬವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಿದ್ದಳು. ಕಂಬ ಕಿತ್ತು ಬಂದರೂ ತಾನು ಬರುವವಳಲ್ಲ ಎನ್ನುವ ಹಟ.

ಸುತ್ತ ಕೂತಿದ್ದ ಹೆಂಗಸರ ಅಳು ಗಕ್ಕನೆ ನಿಂತಿತು. ಜಗಲಿಯ ನಡುವೆ ತ್ಯಾಂಪಣ್ಣ ಮಾಸ್ಟ್ರು ಬಿಳಿ ವಸ್ತ್ರ ಹೊದ್ದು ತಣ್ಣಗೆ ಮಲಗಿದ್ದಾರೆ, ತಲೆಯ ಹತ್ತಿರ ದೀಪ ಉರಿಯುತ್ತಿದೆ. ಅವರ ಹೆಂಡತಿ ನೋಡಿದರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಯಾರದೋ ಮಗಳ ಜೊತೆ ಎಳೆದಾಟಕ್ಕೆ ಇಳಿದಿದ್ದಾಳೆ!

“ಪಾಪ, ಕಮಲಕ್ಕನಿಗೆ ತಲೆ ನಿಲ್ಲುದಿಲ್ಲ,” ಎಂದಳು ನೆರೆಮನೆಯ ನೀಲಾವತಿ.

“ನನ್ನ ತಲೆಗೆ ಎಂತ ಆಗ್ಲಿಲ್ಲ ಮಾರಾಯ್ತಿ. ಗಂಟೆ ಎಂಟಾಯ್ತು. ಇವಳಿಗೆ ಇವತ್ತು ಗಣಿತ ಪರೀಕ್ಷೆ!”

ಹುಡುಗಿ ಯೋಗಮಲರ್. ಆಲೆಟ್ಟಿಯ ರಬ್ಬರ್ ಕಾಲೊನಿಯವಳು, ಅಪ್ಪ ಅಮ್ಮ ಇಬ್ಬರೂ ಬೆಳಕು ಹರಿಯುವ ಮೊದಲೇ ರಬ್ಬರ್ ಹಾಲಿನ ಟ್ಯಾಪಿಂಗಿಗೆ ಹೋಗುವವರು. ಅವಳ ಹಾಗೆಯೇ ಯೂನಿಫಾರ್ಮ್ ಹಾಕಿಕೊಂಡು, ಪ್ಯಾಡು ಹಿಡಿದುಕೊಂಡು ಇನ್ನೂ ಐದು ಮಕ್ಕಳು ಅಂಗಳದಲ್ಲಿ ನಿಂತಿದ್ದರು. ಹತ್ತನೇ ಕ್ಲಾಸಿನಲ್ಲಿ ಇನ್ನು ಇವರಿಂದ ಆಗದು ಎಂದು ಎಲ್ಲರೂ ಕೈಬಿಟ್ಟ ಮಕ್ಕಳೇ ಸಂಜೆಯಾದರೆ ಈ ಜಗಲಿಗೆ ಬರುತ್ತಿದ್ದವು. ರಿಟೈರ್ ಆದಮೇಲಂತೂ ಮಾಸ್ಟ್ರಿಗೆ ಬೇರೆ ಲೋಕವೇ ಇರಲಿಲ್ಲ. ನಿನ್ನೆ ಸಂಜೆ ಕೂಡ ಪಾಠ ಮಾಡುತ್ತಲೇ ಎದೆ ಒತ್ತಿಕೊಂಡರು. ಸುಳ್ಯದ ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿತ್ತು.

ಪರೀಕ್ಷೆಯ ದಿನ ಎಂಟು ಗಂಟೆಗೆ ಕುಂಞಿ ಮೋನುವಿನ ಜೀಪು ಈ ಅಂಗಳದಿಂದಲೇ ಮಕ್ಕಳನ್ನು ಸುಳ್ಯಕ್ಕೆ ಕರೆದುಕೊಂಡು ಹೋಗುವುದು ಕ್ರಮ. ಇವತ್ತೂ ಜೀಪು ಬಂದಿತ್ತು. ಕುಂಞಿ ಮೋನು ಹೆಗಲ ಬೈರಾಸನ್ನು ಬಾಯಿಗೆ ಒತ್ತಿಕೊಂಡು ಬಾನೆಟ್ಟಿಗೆ ಒರಗಿ ನಿಂತಿದ್ದ. ಅವನೂ ಒಂದು ಕಾಲದಲ್ಲಿ ಇದೇ ಜಗಲಿಯಲ್ಲಿ ಕೂತು ಪಾಸಾದವನೇ.

“ಅಕ್ಕ, ನಾನು ಎಂತ ಮಾಡುದು? ಮಕ್ಕಳು ಹತ್ತುದಿಲ್ಲ ಅಂತಾವೆ.”

“ಹತ್ತದೆ ಎಲ್ಲಿ ಹೋಗ್ತಾವೆ? ನೀ ಗಾಡಿ ತಿರುಗಿಸು.”

ಆಗ ಮಾಯಿಲಪ್ಪ ಎದ್ದು ಬಂದರು. ತ್ಯಾಂಪಣ್ಣನ ಅಣ್ಣ. ಬೆಳಗ್ಗಿನಿಂದ ಅವರದೇ ಕಾರುಬಾರು. ಮಾವಿನ ಮರ ಕಡಿಸಿದ್ದು, ಕಟ್ಟಿಗೆ ಒಟ್ಟಿಸಿದ್ದು, ಚಟ್ಟಕ್ಕೆ ಬಿದಿರು ತರಿಸಿದ್ದು ಎಲ್ಲ ಅವರೇ. ಬಾಯಿ ತೆರೆದರೆ ‘ಬೇಗ, ಬೇಗ’.

“ಕಮಲಾ, ಇದೆಂತ ನಿನ್ನದು? ಹತ್ತು ಗಂಟೆಗೆ ಎತ್ತುದು ಅಂತ ಊರಿಗೆಲ್ಲ ಹೇಳಿಯಾಗಿದೆ. ಆ ಮಕ್ಕಳು ಕೂತರೆ ಕೂರಲಿ. ಈಗ ವರ್ಷಕ್ಕೆ ಮೂರು ಮೂರು ಪರೀಕ್ಷೆ ಉಂಟಂತಲ್ಲ, ಮುಂದಿನದ್ದು ಬರೆಯಲಿ.”

“ಮುಂದಿನದ್ದಕ್ಕೆ ಇವಳು ಇಲ್ಲಿ ಇದ್ರೆ ಅಲ್ವಾ ಬಾವ? ಇವಳ ಮಾವ ತಿರುಪ್ಪೂರಿನಲ್ಲಿ ಬಟ್ಟೆ ಫ್ಯಾಕ್ಟರಿಗೆ ಮಾತಾಡಿಟ್ಟಾಗಿದೆ. ಗಣಿತ ಬರೀಲಿಲ್ಲ ಅಂತ ಗೊತ್ತಾದ್ರೆ ಸಾಕು, ನಾಳೆಯೇ ರೈಲು ಹತ್ತಿಸ್ತಾನೆ. ಆಮೇಲೆ ಯಾವ ಪರೀಕ್ಷೆ, ಯಾವ ಶಾಲೆ?”

ಯೋಗಮಲರ್ ಕಂಬಕ್ಕೆ ಮುಖ ಒತ್ತಿಕೊಂಡೇ ಹೇಳಿದಳು. “ನಾನು ಹೋಗಿ ಬರುವಾಗ ಸಾರ್‌ನ ಸುಟ್ಟಿರ್ತೀರಿ.”

ಅಲ್ಲ, ಹುಡುಗಿ ಹೇಳಿದ್ದರಲ್ಲಿ ಸುಳ್ಳೇನಿತ್ತು? ಪರೀಕ್ಷೆ ಬಿಡುವುದು ಒಂದೂಕಾಲಕ್ಕೆ. ಅಷ್ಟು ಹೊತ್ತಿಗೆ ಇಲ್ಲಿ ಬೂದಿ ಬಿಟ್ಟರೆ ಬೇರೆ ಏನೂ ಉಳಿದಿರುವುದಿಲ್ಲ.

ಕಮಲಾವತಿ ರಟ್ಟೆ ಬಿಟ್ಟು ಹುಡುಗಿಯ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಳು.

*

ತ್ಯಾಂಪಣ್ಣ ಹುಟ್ಟಿದ್ದು ಮರ್ಕಂಜದಲ್ಲಿ, ಇನ್ನೊಬ್ಬರ ಜಾಗದ ಮೂಲೆಯ ಒಂದು ಮುಳಿಹುಲ್ಲಿನ ಮನೆಯಲ್ಲಿ. ಅಪ್ಪ ಬೇಗ ತೀರಿಕೊಂಡ. ಅಮ್ಮ ಕಂಡವರ ಅಂಗಳದಲ್ಲಿ ಅಡಿಕೆ ಸುಲಿದು ಸುಲಿದು ಬೆರಳಿನ ತುದಿಯೇ ಸವೆದಿತ್ತು. ಅಣ್ಣ ಮಾಯಿಲಪ್ಪ ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟು ಕೂಲಿಗೆ ಹೋದ, ತಮ್ಮನಾದರೂ ಓದಲಿ ಎಂದು.

ಸುಳ್ಯದಲ್ಲಿ ಎಸ್ಸೆಸ್ಸೆಲ್ಸಿ ಬರೆದ ದಿನದ ಕತೆಯನ್ನು ತ್ಯಾಂಪಣ್ಣ ಮದುವೆಯಾದ ಹೊಸದರಲ್ಲಿ ಹೆಂಡತಿಗೆ ಹೇಳಿದ್ದ, ಅದೂ ನಗುತ್ತ ನಗುತ್ತ.

“ಬರೆದು ಹೊರಗೆ ಬಂದರೆ ಒಬ್ಬೊಬ್ಬನಿಗೆ ಒಬ್ಬೊಬ್ಬರು ಉಂಟು ಮಾರಾಯ್ತಿ. ಒಬ್ಬನಿಗೆ ಅಪ್ಪ ಸೋಡಾ ಕುಡಿಸ್ತಾ ಇದ್ದಾರೆ. ಇನ್ನೊಬ್ಬನ ತಲೆ ಸವರ್ಲಿಕ್ಕೆ ಮಾವ ಬಂದಿದ್ದಾರೆ. ನನಗೆ ಗೇಟು ಉಂಟು! ಆ ಗೇಟು ಹಿಡ್ಕೊಂಡು ಸ್ವಲ್ಪ ಹೊತ್ತು ನಿಂತೆ, ಯಾರಾದ್ರೂ ಬರ್ತಾರಾ ಅಂತ. ಆಮೇಲೆ ಮರ್ಕಂಜಕ್ಕೆ ನಡೆದೆ.”

ನಕ್ಕ ಗಂಡನ ಜೊತೆ ಕಮಲಾವತಿಗೆ ನಗಲಿಕ್ಕೆ ಆಗಿರಲಿಲ್ಲ. ಒಳಗೆ ಹೋಗಿ ಸುಮ್ಮನೆ ಎರಡು ಪಾತ್ರೆ ತೊಳೆದಿದ್ದಳು.

ಮಾಸ್ಟ್ರ ಕೆಲಸ ಸಿಕ್ಕಿದ ಮೊದಲ ವರ್ಷದಿಂದಲೇ ಗಂಡ ಆ ಗೇಟಿನ ಹತ್ತಿರ ನಿಲ್ಲತೊಡಗಿದ. ಒಳಗೆ ಮಕ್ಕಳು ಬರೆಯುವಷ್ಟೂ ಹೊತ್ತು ಹೊರಗೆ ಬಿಸಿಲಲ್ಲಿ ನಿಲ್ಲುವುದು. ಜೊತೆಯ ಮಾಸ್ಟ್ರುಗಳು ‘ವಾಚ್‌ಮನ್ ಸಾರ್’ ಎಂದು ತಮಾಷೆ ಮಾಡುತ್ತಿದ್ದರು. ಇವನಿಗೆ ಅದರಿಂದ ಕುಶಿಯೇ.

*

“ಯೋಗೂ, ಕೇಳು. ನೀನು ಬರೆದು ಬರುವವರೆಗೆ ಸಾರ್ ಕಾಯ್ತಾರೆ,” ಎಂದಳು ಕಮಲಾವತಿ.

ಹುಡುಗಿ ತಲೆ ಎತ್ತಿದಳು. “ನಿಜವಾ?”

“ಯಾರ ಪರೀಕ್ಷೆ ದಿನ ಅವರು ಕಾಯ್ಲಿಲ್ಲ ಹೇಳು?”

“ಕಮಲಾ!” ಮಾಯಿಲಪ್ಪರ ಸ್ವರ ಏರಿತು. “ಎರಡು ಗಂಟೆವರೆಗೆ ಹೆಣ ಇಡುದಾ? ಈ ಸೆಕೆಗೆ? ಎತ್ತುವವರೆಗೆ ಊರಿನವರು ಒಬ್ಬರೂ ಬಾಯಿಗೆ ನೀರು ಹಾಕುವ ಹಾಗಿಲ್ಲ, ಗೊತ್ತುಂಟಾ? ಎಷ್ಟು ಜನ ಮುದುಕರಿದ್ದಾರೆ ನೋಡು! ಆಗದ ಮಾತು. ಹತ್ತಕ್ಕೆ ಎತ್ತುದೇ.”

ಬಾವ ಕಡ್ಡಿ ಮುರಿದ ಹಾಗೆ ಹೇಳಿದ ಮೇಲೆ ಕಮಲಾವತಿ ಎದುರು ಮಾತಾಡಿದವಳಲ್ಲ. ಇವತ್ತೂ ಆಡಲಿಲ್ಲ. ಎದ್ದವಳೇ ನೇರ ಮಗನ ಹತ್ತಿರ ಹೋದಳು. ಒಬ್ಬನೇ ಮಗ ರಕ್ಷಿತ್, ಕಡಬದಲ್ಲಿ ಲೈನ್‌ಮನ್. ರಾತ್ರಿಯಿಡೀ ಅತ್ತು ಕಣ್ಣು ಊದಿಸಿಕೊಂಡು ಗೋಡೆಗೆ ಒರಗಿದ್ದ.

“ಮಗಾ, ಅಂಗಿ ಹಾಕು. ಮಕ್ಕಳ ಜೊತೆ ಸುಳ್ಯಕ್ಕೆ ಹೋಗು. ಬಿಡುವವರೆಗೆ ಗೇಟಿನ ಹತ್ತಿರ ನಿಂತು, ಆರೂ ಜನರನ್ನು ಕರ್ಕೊಂಡು ಬಾ.”

ರಕ್ಷಿತ್ ಅಮ್ಮನ ಮುಖ ನೋಡಿದ. ಅವನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು ಕಾಣುತ್ತದೆ, ಎದ್ದು ಮೊಳೆಯಲ್ಲಿದ್ದ ಅಂಗಿಗೆ ಕೈ ಹಾಕಿದ.

“ಬೆಂಕಿ ಕೊಡುವವನನ್ನೇ ಕಳಿಸ್ತೀಯಾ?” ಮಾಯಿಲಪ್ಪ ಬಾಯಿ ಬಿಟ್ಟರು. ಅಷ್ಟರಲ್ಲಿ ಅವರಿಗೂ ಸಂಗತಿ ಹೊಳೆಯಿತು. ಮಗ ಇಲ್ಲದೆ ಎತ್ತುವುದು ಹೇಗೆ? ಹತ್ತಲ್ಲ, ಹನ್ನೆರಡು ಹೊಡೆದರೂ ಇನ್ನು ಯಾರಿಂದಲೂ ಏನೂ ಮಾಡಲಿಕ್ಕಾಗದು. ಅವರು ಹೆಗಲ ಮೇಲಿನ ಬೈರಾಸು ತೆಗೆದು ಕೊಡವಿ, ಮತ್ತೆ ಹೆಗಲಿಗೇ ಹಾಕಿಕೊಂಡರು.

ಜೀಪು ಹತ್ತುವ ಮೊದಲು ಇನ್ನೊಂದು ತಕರಾರು ಎದ್ದಿತು. ಸಾವಿನ ಮನೆಗೆ ಬಂದವರು ಸ್ನಾನ ಮಾಡದೆ ಪರೀಕ್ಷೆಗೆ ಹೋಗುವುದು ಹೇಗೆ ಎಂದು ನೀಲಾವತಿ. ಕಮಲಾವತಿ ಬಾವಿಕಟ್ಟೆಯಿಂದ ಕೊಡಪಾನ ತಂದು ಆರು ತಲೆಗಳ ಮೇಲೂ ಕೈಯಲ್ಲಿ ನೀರು ಚಿಮುಕಿಸಿದಳು. “ಇದೇ ಸ್ನಾನ. ಹೋಗಿ.” ಜುವೈರಿಯಾ ಎಂಬ ಹುಡುಗಿ ಹಾಲ್ ಟಿಕೆಟು ಒದ್ದೆಯಾಗದ ಹಾಗೆ ಶಾಲಿನೊಳಗೆ ಮುಚ್ಚಿಕೊಂಡಳು. ಅಳುತ್ತಿದ್ದ ಮಕ್ಕಳಿಗೂ ಒಂದು ಕ್ಷಣ ನಗು ಬಂದುಬಿಟ್ಟಿತು.

*

ಆಮೇಲೆ ಶುರುವಾಯಿತು ನೋಡಿ, ಕಾಯುವುದು. ಮಾರ್ಚಿನ ಬಿಸಿಲು. ಅಂಗಳದಲ್ಲಿ ಹಾಕಿದ್ದ ಶಾಮಿಯಾನದ ಕೆಳಗೆ ಜನ ಕುರ್ಚಿಯಲ್ಲಿ ಕೂತರು, ಎದ್ದರು, ಪುನಃ ಕೂತರು. ಹೊಸದಾಗಿ ಬಂದವರಿಗೆಲ್ಲ ಯಾಕೆ ತಡ ಎಂದು ಮಾಯಿಲಪ್ಪರೇ ಹೇಳಬೇಕು. “ಮಕ್ಕಳಿಗೆ ಪರೀಕ್ಷೆ ಅಂತೆ” ಎಂದು ಹೇಳಿ ಹೇಳಿ ಅವರಿಗೆ ಸಾಕಾಗಿ ಹೋಯಿತು.

ಗಂಡನ ಜೊತೆ ಕೆಲಸ ಮಾಡಿದ್ದ ಮಹೇಶ್ವರ ಮಾಸ್ಟ್ರಿಗೆ ಶುಗರ್. ಹನ್ನೊಂದು ದಾಟುವಾಗ ಮುಖ ಬೆವರತೊಡಗಿತು. ಕಮಲಾವತಿ ನೀಲಾವತಿಯನ್ನು ಕರೆದಳು.

“ನಿನ್ನ ಮನೆಯಲ್ಲಿ ಗಂಜಿಗೆ ಇಡು. ಶುಗರಿನವರು, ಮುದುಕರು, ಎಲ್ಲ ಹೋಗಿ ಉಣ್ಣಲಿ.”

“ಎತ್ತುವ ಮೊದಲಾ? ಜನ ಎಂತ ಹೇಳ್ತಾರೆ ಕಮಲಕ್ಕ?”

“ನನ್ನನ್ನು ಹೇಳ್ಲಿ. ಹಸಿದು ಕೂತವರನ್ನು ನೋಡಿದ್ರೆ ಇವರಿಗೆ ಮಲಗಿದಲ್ಲಿ ನಿದ್ದೆ ಬರುದಿಲ್ಲ.”

ಹಾಗೆ ಹೇಳಿದ್ದೇ ತಡ, ಅಷ್ಟು ಹೊತ್ತೂ ಒಣಗಿದ್ದ ಕಣ್ಣು ಒಡೆದುಕೊಂಡಿತು. ನಿದ್ದೆಯಂತೆ! ಯಾರಿಗೆ ಹೇಳುತ್ತಿದ್ದೇನೆ ನಾನು? ಗಂಡನ ಕಾಲಿನ ಹತ್ತಿರ ಕೂತು ಅವಳು ಮನಸಾರೆ ಅತ್ತಳು.

ಈ ಮನುಷ್ಯನ ಮೇಲೆ ಅವಳಿಗೆ ಸಿಟ್ಟೇನು ಕಡಿಮೆ ಇತ್ತೇ? ರಕ್ಷಿತ್ ಹುಟ್ಟಿದ ದಿನವೂ ಇದೇ ಗಣಿತ ಪರೀಕ್ಷೆ. ಅವಳು ಸುಳ್ಯದ ಆಸ್ಪತ್ರೆಯಲ್ಲಿ ನೋವು ತಿನ್ನುವಾಗ ಇವರು ಅಲ್ಲೇ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಗೇಟು ಕಾಯುತ್ತಿದ್ದರು. ಸಂಜೆ ಬಂದು, ಮಗುವಿನ ಮುಖ ನೋಡಿ, ಬಿಸಿಲಿಗೆ ಸುಟ್ಟ ಮುಖವನ್ನೆಲ್ಲ ಅರಳಿಸಿಕೊಂಡು, “ಕಮಲಾ, ಈ ಸಲ ಪೇಪರು ಸುಲಭ ಇತ್ತು” ಎಂದಿದ್ದರು! ಎರಡು ದಿನ ಮಾತು ಬಿಟ್ಟಿದ್ದಳು. ಊರಿನ ಮಕ್ಕಳನ್ನು ಇವರು ಕಾದರು, ಇವರನ್ನು ಅವಳು ಕಾದಳು. ಅನ್ನ ಆರಿಸಿಕೊಂಡು, ಬಾಗಿಲು ತೆರೆದಿಟ್ಟುಕೊಂಡು, ಬೈದುಕೊಂಡು ಕಾದಳು. ಒಂದು ದಿನವೂ ಬಾರದೆ ಇದ್ದವರಲ್ಲ. ಇನ್ನು ಯಾರನ್ನು ಕಾಯುವುದು ಎನ್ನುವುದೇ ಅವಳಿಗೆ ತಿಳಿಯಲಿಲ್ಲ.

“ಒಂದು ಗುಟುಕು ಗಂಜಿ ತೆಳಿಯಾದರೂ ಕುಡೀರಿ ಬಾವ,” ಎಂದಳು, ಮಾಯಿಲಪ್ಪ ಪಕ್ಕದಲ್ಲಿ ಬಂದು ಕೂತಾಗ.

“ಬೇಡ.” ಅವರು ತಮ್ಮನ ಮುಖವನ್ನೇ ನೋಡುತ್ತಿದ್ದರು. “ಗೇಟಿನ ಕತೆ ನಿನಗೂ ಹೇಳಿದ್ದಾನಾ ಅವ?”

“ಹೇಳಿದ್ದಾರೆ.”

“ನಾನು ಆ ದಿನ ಗುಂಡ್ಯದಲ್ಲಿ ಇದ್ದೆ. ಲಾರಿಗೆ ಮರ ಹೇರುವ ಕೆಲಸ. ರಜೆ ಕೇಳಿದೆ, ಕೊಡ್ಲಿಲ್ಲ. ಬಿಟ್ಟು ಬಂದಿದ್ರೆ ಕೆಲಸ ಹೋಗ್ತಿತ್ತು, ಇವನ ಕಾಲೇಜು ಎಲ್ಲಿಂದ?” ಅವರು ಬೈರಾಸಿನಿಂದ ಮುಖ ಒರೆಸಿಕೊಂಡರು. “ಒಂದು ದಿನವೂ ನನ್ನತ್ರ ಯಾಕೆ ಬರ್ಲಿಲ್ಲ ಅಂತ ಕೇಳಿದವನಲ್ಲ. ಕೇಳಿದ್ರೆ ಒಳ್ಳೆದಿತ್ತು.”

*

ಎರಡು ಗಂಟೆಯಾದರೂ ಜೀಪಿನ ಸುದ್ದಿ ಇಲ್ಲ. ಆಲೆಟ್ಟಿಗೂ ಸುಳ್ಯಕ್ಕೂ ಎಷ್ಟು ದೂರ ಮಹಾ! ರಕ್ಷಿತನ ಫೋನು ಸ್ವಿಚ್ಡ್ ಆಫ್. ಕಮಲಾವತಿ ಜಗಲಿಯ ತುದಿಗೆ ಬಂದು ದಾರಿ ನೋಡಿದಳು. ಹುಡುಗಿ ಅರ್ಧದಲ್ಲೇ ಪೇಪರು ಬಿಟ್ಟು ಎದ್ದಳೋ ಏನೋ? ಅಳುತ್ತ ಕೂತು ಏನೂ ಬರೆಯಲಿಲ್ಲವೋ? ಇಡೀ ಊರನ್ನು ಕಾಯಿಸಿ, ಗಂಡನನ್ನೂ ಹೀಗೆ ಕಾಯಿಸಿ, ಕೊನೆಗೆ ಅವಳು ತಿರುಪ್ಪೂರಿಗೇ ಹೋಗುವುದಾದರೆ?

ಜನರೂ ಗುಸುಗುಸು ಶುರುಮಾಡಿದರು. “ಇನ್ನೆಷ್ಟು ಹೊತ್ತಂತೆ ಮಾರಾಯ್ರೆ?” ಎಂದು ಯಾರೋ ಕೇಳಿದ್ದಕ್ಕೆ ಮಾಯಿಲಪ್ಪ ಕೆಂಡವಾದರು. “ಅವಸರ ಇದ್ದವರು ಹೋಗಬಹುದು,” ಎಂದುಬಿಟ್ಟರು. ಕಮಲಾವತಿ ಬೆರಗಾಗಿ ಬಾವನನ್ನು ನೋಡಿದಳು.

ಕೊನೆಗೂ ಕೆಳಗಿನ ತಿರುವಿನಲ್ಲಿ ಜೀಪಿನ ಸದ್ದಾಯಿತು. ಮೊದಲು ಇಳಿದವನು ರಕ್ಷಿತ್, ಬಿಸಿಲಿಗೆ ಮುಖ ಕೆಂಪಾಗಿತ್ತು.

“ಎಲ್ಲರಿಗೂ ಒಂದೊಂದು ಶರಬತ್ತು ಕುಡಿಸಿ ಕರ್ಕೊಂಡು ಬಂದೆ ಅಮ್ಮ, ಅದಕ್ಕೆ ತಡ ಆಯ್ತು. ಫೋನಿನಲ್ಲಿ ಚಾರ್ಜ್ ಇರ್ಲಿಲ್ಲ.”

ಜೀಪಿನ ಹಿಂದುಗಡೆಯೇ ಕಮಲಾವತಿಯ ಕಣ್ಣು. ಒಂದೊಂದಾಗಿ ಮಕ್ಕಳು ಇಳಿದರು, ಜುವೈರಿಯಾ ಇಳಿದಳು, ಎಲ್ಲರಿಗಿಂತ ಕೊನೆಗೆ ಯೋಗಮಲರ್. ಯಾರ ಮುಖವನ್ನೂ ನೋಡದೆ, ಚಪ್ಪಲಿ ಕಳಚಿ, ಹೆಂಗಸರ ನಡುವೆ ದಾರಿ ಮಾಡಿಕೊಂಡು ಸೀದಾ ಮಾಸ್ಟ್ರ ತಲೆಯ ಹತ್ತಿರ ಹೋಗಿ ಕೂತಳು. ಪ್ಯಾಡಿನಿಂದ ಪ್ರಶ್ನೆಪತ್ರಿಕೆ ತೆಗೆದು ತೊಡೆಯ ಮೇಲೆ ಬಿಡಿಸಿದಳು.

“ಸಾರ್, ಒಂದು ಮಾರ್ಕಿನದ್ದು ಎಲ್ಲ ಬರೆದೆ ಸಾರ್.”

ಅಳಲಿಕ್ಕೆ ಬಾಯಿ ತೆರೆದಿದ್ದ ಹೆಂಗಸರು ಹಾಗೆಯೇ ಉಳಿದರು.

“ಎರಡು ಮಾರ್ಕಿನದ್ದರಲ್ಲಿ ಒಂದು ಡೌಟು ಸಾರ್. ಮೊದಲು ಮೈನಸ್ ಬಿಟ್ಟಿದ್ದೆ, ಆಮೇಲೆ ನೋಡಿ ಹಾಕಿದೆ. ಥೇಲ್ಸ್ ಪ್ರಮೇಯ ಬಂದಿತ್ತು ಸಾರ್. ಚಿತ್ರ ಸ್ಕೇಲಿನಲ್ಲೇ ಎಳೆದೆ, ಪೂರ್ತಿ ಬರೆದೆ.” ಅವಳ ಬೆರಳು ಮುಂದಿನ ಪ್ರಶ್ನೆಗೆ ಇಳಿಯಿತು. “ನಕ್ಷೆ ಸರಿಯಾಯ್ತು ಸಾರ್. ಎರಡು ಗೆರೆ ನೀವು ಹೇಳಿದ ಹಾಗೆ ಒಂದೇ ಕಡೆ ಸೇರಿತು.”

ಉಳಿದ ಐದು ಮಕ್ಕಳೂ ಅವಳ ಹಿಂದೆ ಬಂದು ಕೂತರು. ಚಟ್ಟದ ಬಿದಿರಿಗೆ ಕೈ ಹಾಕಿ ನಿಂತಿದ್ದ ಮಾಯಿಲಪ್ಪ ಬಗ್ಗಿ, ಮೆಲ್ಲಗೆ ಕೇಳಿದರು.

“ಇನ್ನೆಷ್ಟು ಉಂಟು ಮಗಾ?”

ಹುಡುಗಿ ಹೆದರಿ ಕಾಗದ ಮಗುಚಿದಳು. “ಇನ್ನೊಂದು ಪುಟ ಉಂಟು ಅಜ್ಜ.”

ಮಾಯಿಲಪ್ಪ ಬಿದಿರನ್ನು ನೆಲಕ್ಕಿಟ್ಟರು. ಬೈರಾಸು ಹಾಸಿಕೊಂಡು ತಮ್ಮನ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು.

“ಓದು. ಗಡಿಬಿಡಿ ಎಂತ ಇಲ್ಲ.”