ತರಬೇತುದಾರರ ಹೆಸರು

"ಅಳೋದು ಆಮೇಲೆ ಮೇಡಂ. ಮೊದಲು ಈ ಅರ್ಜಿಗೆ ಸಹಿ ಹಾಕಿ," ಎಂದು ದುಭಾಷಿ ಕಾಗದವನ್ನು ಮೇಜಿನ ಮೇಲೆ ಮುಂದಕ್ಕೆ ಸರಿಸಿದಳು.

ಸ್ವಯಂಸೇವಕಿ ಮೂಗು ಒರೆಸಿಕೊಂಡಳು. ದೂರದ ದೇಶದವಳು. ಅಲ್ಲಿನ ಸರ್ಕಾರದ ನೆರವಿನಲ್ಲಿ ಈ ಕೇಂದ್ರದ ಹುಡುಗಿಯರಿಗೆ ಮನೆ ವೈರಿಂಗ್ ಕಲಿಸಲು ಬಂದು ಎಂಟು ತಿಂಗಳಾಗಿತ್ತು. ಬೆಳಿಗ್ಗೆ ಅದೇ ಸರ್ಕಾರದಿಂದ ಪತ್ರ ಬಂದಿತ್ತು: ಹೆಣ್ಣುಮಕ್ಕಳ ಯೋಜನೆಗೆ ನೆರವು ನಿಂತಿದೆ, ಶುಕ್ರವಾರದ ವಿಮಾನಕ್ಕೆ ಹೊರಡಿ. ಹುಡುಗಿಯರ ಪರೀಕ್ಷೆ ಇದ್ದದ್ದು ಮುಂದಿನ ಬುಧವಾರ. ಇಷ್ಟು ವರ್ಷ ಕೊಟ್ಟವರಿಗೆ ಇನ್ನೈದು ದಿನ ತಡೆಯಲು ಏನು ಧಾಡಿಯಾಗಿತ್ತೋ!

ಕಲಿಸಿದವರು ಪರೀಕ್ಷೆಯ ದಿನ ಹಾಜರಿರಬೇಕು. ಇಲ್ಲದಿದ್ದರೆ ಹನ್ನೊಂದು ಹುಡುಗಿಯರಿಗೂ ಪ್ರವೇಶವಿಲ್ಲ. ಈ ಸಲ ತಪ್ಪಿದರೆ ಇನ್ನೊಂದು ವರ್ಷ ಕಾಯುವ ಮನೆಗಳೂ ಅಲ್ಲ ಅವರವು. ದುಭಾಷಿ ಬೆಳಗ್ಗೆಯೇ ಪರೀಕ್ಷಾ ಕಚೇರಿಗೆ ಓಡಿದ್ದಳು.

"ನೀವು ಬಂದ್ರೆ ಏನಮ್ಮಾ ಬಂತು? ನೀವು ಬರೀ ಮಾತು ದಾಟಿಸೋರು," ಎಂದಿದ್ದ ಗುಮಾಸ್ತ, ತಲೆ ಸಹ ಎತ್ತದೆ. "ನೀವೇ ಕಲಿಸಿದ್ದು ಅಂತ ಆ ಮೇಡಂ ಬರೆದುಕೊಡ್ಲಿ, ನೋಡೋಣ. ಐದು ಗಂಟೆಯೊಳಗೆ."

ಮೂವರು ಸ್ವಯಂಸೇವಕಿಯರ ಪಾಠವನ್ನು ನಾಲ್ಕು ವರ್ಷ ದಾಟಿಸಿದವಳಿಗೆ ಮೈಯೆಲ್ಲ ಉರಿದುಹೋಗಿತ್ತು. ಈಗ ಗಂಟೆ ಮೂರೂವರೆ.

ಸ್ವಯಂಸೇವಕಿ ಅರ್ಜಿಯ ಅರ್ಥ ಕೇಳಿ ತಿಳಿದುಕೊಂಡು ಪೆನ್ನು ಕೆಳಗಿಟ್ಟಳು. "ಆದ್ರೆ ಅಕ್ಕಾ, ಕಲಿಸಿದ್ದು ನಾನಲ್ವಾ?" ಎಂದಳು ತನ್ನ ಭಾಷೆಯಲ್ಲಿ. 'ಅಕ್ಕಾ' ಒಂದು ಮಾತ್ರ ಇಲ್ಲಿ ಕಲಿತದ್ದು. "ನೆರವು ಮತ್ತೆ ಕೊಡಿ ಅಂತ ನಾವೆಲ್ಲ ಅಲ್ಲಿ ಬಡ್ಕೊಳ್ತಿದೀವಿ. ನಾನು ಕಲಿಸಲೇ ಇಲ್ಲ ಅಂತ ಬರೆದರೆ, ಇವರನ್ನ ಕಳಿಸಿದ್ದೇ ದಂಡ ಅಂತಾರೆ."

ಮಾತಿನಲ್ಲಿ ಸತ್ಯವಿತ್ತು. ಅದೇ ದುಭಾಷಿಯನ್ನು ಇನ್ನಷ್ಟು ರೇಗಿಸಿತು. ಎಂಟು ತಿಂಗಳು ನುಂಗಿಕೊಂಡದ್ದು ಬಾಯಿಗೆ ಬಂತು.

"ಮೊದಲನೇ ವಾರ ಕಪ್ಪು ತಂತಿ ಸ್ವಿಚ್ಚಿಗೆ ಕೊಡಿ ಅಂದ್ರಿ, ನೆನಪಿದೆಯಾ? ನಿಮ್ಮೂರಲ್ಲಿ ಕಪ್ಪು ತಂತೀಲಿ ಕರೆಂಟ್ ಬರುತ್ತೇನೋ. ಇಲ್ಲಿ ಬರೋದು ಕೆಂಪಲ್ಲಿ. ನಾನು ಕೆಂಪು ಅಂತಲೇ ಹೇಳಿದೆ."

"ಆದ್ರೆ ಬಲ್ಬು ಹತ್ತಿತಲ್ಲ..."

"ನೀವು ಹೇಳಿದ ಹಾಗೆ ಮಾಡಿದ್ರೂ ಹತ್ತೋದು. ಸ್ವಿಚ್ ಆರಿಸಿದೀನಿ ಅಂತ ನಂಬಿ ಬಲ್ಬು ಬಿಚ್ಚೋಕೆ ಹೋದ ಹುಡುಗಿಗೆ ಶಾಕ್ ಹೊಡೆಯೋದು."

"ನನಗ್ಯಾಕೆ ಹೇಳ್ಲಿಲ್ಲ?"

"ಹುಡುಗೀರ ಮುಂದೆ ನಿಮ್ಮ ಮರ್ಯಾದೆ ತೆಗೀಬೇಕಿತ್ತಾ? ಆಮೇಲೆ ಅದೇ ಅಭ್ಯಾಸ ಆಯ್ತು. ನೀವು ಅರ್ಧ ಹೇಳಿದ್ದನ್ನ ನಾನು ಪೂರ್ತಿ ಮಾಡ್ತಿದ್ದೆ. ನೀವು ನಗ್ತಾ ತಲೆ ಆಡಿಸ್ತಿದ್ರಿ."

ಸ್ವಯಂಸೇವಕಿಯ ಮುಖ ಕೆಂಪೇರಿತು. ಎದ್ದು ಕೋಣೆಯ ಆಚೆ ತುದಿಗೆ ಹೋದಳು. ಅಲ್ಲಿ ಹುಡುಗಿಯರು ತಂತಮ್ಮ ಅಭ್ಯಾಸದ ಬೋರ್ಡುಗಳ ಮುಂದೆ ಕೂತಿದ್ದರು. ಅವಳು ಗೋಡೆಯ ಮೇನ್ ಸ್ವಿಚ್ ಆರಿಸಿ, ಮೊದಲ ಬೋರ್ಡಿನ ಮುಚ್ಚಳ ಬಿಚ್ಚಿದಳು. ಸ್ವಿಚ್ಚಿನ ತಿರುಪಿನ ಕೆಳಗೆ ಕೆಂಪು ತಂತಿ. ಎರಡನೆಯದರಲ್ಲೂ ಕೆಂಪು. ಮೂರನೆಯದನ್ನೂ ಬಿಚ್ಚಿದಳು. ಹನ್ನೊಂದನ್ನೂ ನೋಡಿಯೇ ಬಿಡುವ ಹಟ ಅವಳದು. ಗಡಿಯಾರ ನಾಲ್ಕು ದಾಟಿತು. ಕಚೇರಿಗೆ ನಡೆದರೆ ಅರ್ಧ ಗಂಟೆ; ಇವಳ ತಪಾಸಣೆಯೋ ಮುಗಿಯುವ ಹಾಗಿಲ್ಲ. ದುಭಾಷಿ ಹಲ್ಲು ಕಚ್ಚಿಕೊಂಡು ನಿಂತಳು.

"ಏನಕ್ಕಾ ಇದು? ಪರೀಕ್ಷೆಗೆ ಬಿಡ್ತಾರೋ ಇಲ್ವೋ?" ಎಂದಳು ಎಲ್ಲರಿಗಿಂತ ಚಿಕ್ಕವಳು.

"ನನ್ನನ್ನೇನು ಕೇಳ್ತೀಯ? ಅವರನ್ನ ಕೇಳು!" ಎಂದು ಗದರಿ, ಮರುಕ್ಷಣವೇ ಆ ಹುಡುಗಿಯ ಮುಖ ನೋಡಲಾಗದೆ ದುಭಾಷಿ ಕಿಟಕಿಯತ್ತ ತಿರುಗಿದಳು.

ಹನ್ನೊಂದನೆಯ ಮುಚ್ಚಳ ಹಾಕಿ ಸ್ವಯಂಸೇವಕಿ ಮರಳಿ ಬಂದು ಕುರ್ಚಿಯಲ್ಲಿ ಕುಸಿದಳು. ಆಮೇಲೆ ಪೆನ್ನು ತೆಗೆದುಕೊಂಡು ಕೆಳಗೆ ಸಹಿ ಹಾಕಿದಳು, ತಾರೀಖು ಬರೆದಳು, 'ತರಬೇತುದಾರರ ಹೆಸರು' ಎಂಬ ಸಾಲಿನ ಹತ್ತಿರ ನಿಂತುಬಿಟ್ಟಳು. ತಲೆ ಎತ್ತದೆ ಮೆಲ್ಲಗೆ ಏನೋ ಕೇಳಿದಳು.

ಹುಡುಗಿಯರು ಅಷ್ಟರಲ್ಲಿ ಮೇಜನ್ನು ಸುತ್ತುವರಿದಿದ್ದರು.

"ಏನಂತಕ್ಕಾ? ಏನ್ ಕೇಳ್ತಿದಾರೆ?"

"ನನ್ನ ಹೆಸರೇನು ಅಂತ ಕೇಳ್ತಿದಾರೆ."