ವಾಲ್ಟರನ ಪಾಲಿನ ಮಾತು

ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು, ಡೆಲಿಯಾ ಸರಿಯಲಿಲ್ಲ. ಹಿಂದಿದ್ದ ಮುದುಕಿ ಮೊಣಕೈಯಿಂದ ಮೆಲ್ಲಗೆ ತಿವಿದ ಮೇಲೆ ಸರಿದಳು. ಶವಪೆಟ್ಟಿಗೆಗೆ ಇನ್ನು ಆರೇ ಜನ. ಅವಳ ಅಂಜಿಕೆ ಸತ್ತವರ ಮುಖ ನೋಡುವುದಕ್ಕಲ್ಲ. ಬೆಳಿಗ್ಗೆ ಬಸ್ಸಿನಲ್ಲಿ ಕೂತು ದಿನಚರಿಯಲ್ಲಿ ಬರೆದುಕೊಂಡಿದ್ದಳು: ‘ನಿಮಗೂ ಓರೆಸ್ಟ್ ಅವರಿಗೂ ಹೇಗೆ ಪರಿಚಯ ಅಂತ ಯಾರಾದರೂ ಕೇಳಿದರೆ?’ ಅದರ ಕೆಳಗೆ ನಾಲ್ಕು ಉತ್ತರ ಬರೆದು ನಾಲ್ಕನ್ನೂ ಹೊಡೆದುಹಾಕಿದ್ದಳು.

ಯಾರೂ ಕೇಳಲಿಲ್ಲ. ಹ್ಯಾಮಿಲ್ಟನ್ನಿನ ಆ ಉಕ್ರೇನಿಯನ್ ಚರ್ಚಿಗೆ ಬಂದವರಲ್ಲಿ ಅರ್ಧದಷ್ಟು ಜನ ‘ಮೂಲೆಯಂಗಡಿ’ ಧಾರಾವಾಹಿಯವರೇ. ಅವಳನ್ನೂ ಆ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದರು. ಓರೆಸ್ಟ್ ಬಾಬಿಕ್ ಆರು ವರ್ಷ ಅದರಲ್ಲಿ ವಾಲ್ಟರ್ ಆಗಿದ್ದರು. ಕ್ಷೌರದಂಗಡಿಯ ಕೊನೆಯ ಕುರ್ಚಿಯಲ್ಲಿ ಪೇಪರ್ ಹಿಡಿದು ಕೂತಿರುವ ಮುದುಕ. ಕಂತಿಗೆ ಒಂದೇ ಮಾತು, “ನನ್ನ ಸರದಿ ಬಂತಾ?” ಸರದಿ ಎಂದೂ ಬರಲಿಲ್ಲ. ದೇಶವೆಲ್ಲ ನಕ್ಕಿತ್ತು.

ಪೆಟ್ಟಿಗೆಯ ತಲೆಯ ಬಳಿ ಓರೆಸ್ಟರ ಮಗಳು ಲೆಸ್ಯಾ ನಿಂತಿದ್ದಳು. ನಲವತ್ತು ದಾಟಿದ, ಅಗಲ ಭುಜದ ಹೆಂಗಸು, ಅತ್ತ ಗುರುತಿರಲಿಲ್ಲ. ತಂದೆಯ ತಲೆಯನ್ನೇ ದಿಟ್ಟಿಸುತ್ತಿದ್ದವಳು ಬಗ್ಗಿ ಐದೂ ಬೆರಳು ಹಾಕಿ ಬೈತಲೆಯನ್ನು ಅಳಿಸಿ, ಕೂದಲನ್ನು ಬಲದಿಂದ ಎಡಕ್ಕೆ ತಿರುಗಿಸಿದಳು. ಗೋಡೆಗಾತು ನಿಂತಿದ್ದ ಪರ್ಲ್ ಬಾಯಿಗೆ ಕೈ ಇಟ್ಟುಕೊಂಡಳು. ಆರು ವರ್ಷ ಓರೆಸ್ಟರಿಗೆ ಬಣ್ಣ ಹಚ್ಚಿದವಳು ಪರ್ಲ್. ಕೊನೆಯ ಸಲ ನಾನೇ ತಲೆ ಬಾಚುತ್ತೇನೆ ಎಂದು ಬೆಳಿಗ್ಗೆಯೇ ಬಂದು, ವಾಲ್ಟರನ ಬೈತಲೆ ತೆಗೆದಿಟ್ಟಿದ್ದಳು.

“ಕೈ ತಾನಾಗೇ ಆ ಕಡೆ ಹೋಯ್ತು ಕಣೇ,” ಎಂದು ಪರ್ಲ್ ಪಕ್ಕಕ್ಕೆ ಬಂದು ಡೆಲಿಯಾಳ ಕಿವಿಯಲ್ಲಿ ಪಿಸುಗುಟ್ಟಿದಳು. “ಮನೇಲಿ ಯಾವ ಕಡೆ ಬಾಚ್ಕೋತಾರೆ ಅಂತ ಒಂದಿನಾನೂ ಕೇಳಿರ್ಲಿಲ್ಲ.”

* * *

ಎರಡು ವರ್ಷದ ಹಿಂದೆ, ಚಿತ್ರೀಕರಣಕ್ಕೆ ದೀಪ ಹೊಂದಿಸುವವರು ಕೆಲಸ ಮುಗಿಸಲೆಂದು ಎಲ್ಲರೂ ಕಾಯುತ್ತಿದ್ದ ಒಂದು ಮಧ್ಯಾಹ್ನ, ಓರೆಸ್ಟ್ ವಾಲ್ಟರನ ಕುರ್ಚಿಯಲ್ಲೇ ಕೂತು ಸೇಬು ಹೆಚ್ಚುತ್ತಿದ್ದರು. ಡೆಲಿಯಾ ಪಕ್ಕದಲ್ಲಿ ಮಡಿಲಲ್ಲಿ ಕಡತ ಇಟ್ಟುಕೊಂಡು ಕೂತಿದ್ದಳು. ಬರಹಗಾರರ ಕೋಣೆಯಲ್ಲಿ ಆಡಿದ ಮಾತನ್ನೆಲ್ಲ ಬರೆದುಕೊಳ್ಳುವುದು, ಕಂತಿನ ಪುಟಗಳನ್ನು ಟೈಪ್ ಮಾಡಿ ಹಂಚುವುದು ಅವಳ ಕೆಲಸ. ಮಾತಾಡದ ಹುಡುಗಿ ಎಂದೋ ಏನೋ, ಓರೆಸ್ಟ್ ಅವಳೆದುರು ಮಾತಾಡುತ್ತಿದ್ದರು.

ಅವತ್ತು ತನಗೆ ತಾರಸ್ ಎಂಬ ಮಗನಿದ್ದ ಎಂದರು. ಒಂಬತ್ತು ವರ್ಷದವನು. ಮಾರ್ಚ್ ತಿಂಗಳು, ಕೊಲ್ಲಿಯ ನೀರಿನ ಮೇಲಿನ ಮಂಜುಗಡ್ಡೆ ತೆಳುವಾಗಿತ್ತು. ಅವನು ಅದರ ಮೇಲೆ ಆಡಲು ಹೋಗಿದ್ದ. ಓರೆಸ್ಟ್ ಆ ಹೊತ್ತಿಗೆ ಟೊರಾಂಟೊದಲ್ಲಿ ಸೂಪಿನ ಜಾಹೀರಾತಿಗೆ ನಟಿಸುತ್ತಿದ್ದರು. ಒಂದು ಚಮಚ ಕುಡಿದು ನಗಬೇಕು. ಹನ್ನೊಂದು ಸಲ ನಗಿಸಿದರು.

“ಅವನು ಮುಳುಗ್ತಾ ಇದ್ದಾಗ ನಾನು ನಗ್ತಾ ಇದ್ದೆ. ಚೆನ್ನಾಗೇ ನಗ್ತಾ ಇದ್ದೆ. ಆ ನಗು ಈಗ್ಲೂ ಕೇಳ್ಸುತ್ತೆ ನಂಗೆ.”

ಮನೆಯಲ್ಲಿ ಇದನ್ನು ಹೇಳಿದ್ದೀರಾ ಎಂದು ಡೆಲಿಯಾ ಕೇಳಿದಳು. ಅವರು ಸೇಬಿನ ಹೋಳೊಂದನ್ನು ಅವಳ ಕಡೆ ಚಾಚಿದರು. ಹೆಂಡತಿಗೂ ಹೇಳಲಾಗಲಿಲ್ಲ, ಅವಳು ಹೋಗಿಯೇಬಿಟ್ಟಳು ಎಂದರು. ಮಗಳೆದುರು ಬಾಯಿ ತೆರೆದರೆ ಬೇರೆ ಏನೋ ಬರುತ್ತದೆ, ಹವಾಮಾನ, ಕಾರಿನ ಬ್ಯಾಟರಿ.

“ವಾಲ್ಟರ್ ಬಾಯಲ್ಲಾದ್ರೆ ಹೇಳಬಲ್ಲೆ ನೋಡಮ್ಮ. ನನಗೆ ಇನ್ನೊಬ್ಬನ ಹೆಸರು ಬೇಕು. ಲೆಸ್ಯಾ ಪ್ರತಿ ಗುರುವಾರ ನೋಡ್ತಾಳೆ. ಅವಳಿಗೆ ಅರ್ಥ ಆಗುತ್ತೆ.” ಸ್ವಲ್ಪ ತಡೆದು, “ಆ ಕೋಣೇಲಿ ನಿನ್ನ ಮಾತು ನಡೆಯುತ್ತಾ?” ಎಂದು ಕೇಳಿದರು.

* * *

ಹೂಳಿ ಬಂದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಮೊದಲು ಎಲ್ಲರ ತಟ್ಟೆಗೂ ಜೇನು ಬೆರೆಸಿ ಬೇಯಿಸಿದ ಗೋಧಿ ಮೂರು ಚಮಚ ಬಿತ್ತು. ಸತ್ತವರ ಹೆಸರಲ್ಲಿ ಅದನ್ನು ತಿಂದೇ ಬೇರೆಯದಕ್ಕೆ ಕೈ ಹಾಕಬೇಕು. ಧಾರಾವಾಹಿಯವರು ಇದು ಸಿಹಿತಿಂಡಿ ಇರಬೇಕೆಂದು ಕೊನೆಗೆ ಉಳಿಸಿಕೊಂಡು, ಆಲೂಗಡ್ಡೆ ತುಂಬಿದ ಕಡುಬಿಗೆ ಕೈ ಹಾಕಿದರು. ಚರ್ಚಿನ ಹೆಂಗಸರು ನೋಡಿಯೂ ನೋಡದಂತಿದ್ದರು.

ಮುಖ್ಯ ಬರಹಗಾರ ಕಾನ್ರಾಡ್ ಎದ್ದು ಮಾತಾಡಿದ. ವಾಲ್ಟರ್ ಇಲ್ಲದೆ ಗಿಲ್ ಇರುತ್ತಿರಲಿಲ್ಲ, ಅಂಗಡಿಯ ಯಜಮಾನ ಗಿಲ್ ಬೆಳೆದದ್ದು ಆ ಮೂಲೆಯ ಕುರ್ಚಿ ಅಲ್ಲಾಡದೆ ಇದ್ದದ್ದರಿಂದ ಎಂದ. ಗಿಲ್ ತನ್ನ ಸತ್ತ ಮಗನ ಬಗ್ಗೆ ಮಾತಾಡುವ ದೃಶ್ಯವನ್ನು ನೆನೆದ. ಅದಕ್ಕೆ ಪ್ರಶಸ್ತಿ ಬಂತೆಂದು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಆಮೇಲೆ ವಾಲ್ಟರನ ಮಾತನ್ನು ವಾಲ್ಟರನ ಧ್ವನಿಯಲ್ಲೇ ಹೇಳಿ ತೋರಿಸಿದ. ಸಭೆ ನಗುತ್ತ ಕಣ್ಣೊರೆಸಿಕೊಂಡಿತು. ಒಬ್ಬರೂ ತಾರಸನ ಹೆಸರೆತ್ತಲಿಲ್ಲ.

ಕುರ್ಚಿಗೆ ಮರಳುವಾಗ ಕಾನ್ರಾಡ್ ಡೆಲಿಯಾಳ ಹೆಗಲು ತಟ್ಟಿದ. “ಮುಂದಿನ ವರ್ಷದಿಂದ ನೀನೂ ಕೋಣೇಲಿ ಬರೆಯೋಳು. ಮಾತಾಡಿದೀನಿ. ಸದ್ಯಕ್ಕೆ ಯಾರಿಗೂ ಹೇಳ್ಬೇಡ.”

ಮೂರು ವರ್ಷದಿಂದ ಅವಳು ಕಾದಿದ್ದ ಮಾತು ಅದು. ಗೋಧಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

* * *

ಆ ಕೋಣೆಗೊಂದು ಕಟ್ಟಳೆಯಿತ್ತು: ಅಲ್ಲಿ ಆಡಿದ ಮಾತಿಗೆ ಒಡೆಯರಿಲ್ಲ. ಅಪ್ಪನ ಕುಡಿತ, ಮುರಿದ ಮದುವೆ, ಯಾರು ಏನು ತಂದು ಮೇಜಿನ ಮೇಲೆ ಹಾಕಿದರೂ ಅದು ಕತೆಯದು. ಡೆಲಿಯಾ ಅಲ್ಲಿ ಬಾಯಿ ತೆರೆದದ್ದು ಒಂದೇ ಸಲ. ಗಿಲ್‌ನ ಪಾತ್ರ ಬೆಳೆಯುತ್ತಿಲ್ಲ ಎಂದು ಎಲ್ಲರೂ ತಲೆ ಕೆಡಿಸಿಕೊಂಡಿದ್ದ ದಿನ, ದಿನಚರಿ ತೆರೆದು, ಅದರಲ್ಲಿ ಬರೆದಿಟ್ಟಿದ್ದ ಓರೆಸ್ಟರ ಮಾತನ್ನು ಓದಿದಳು. ಇದು ವಾಲ್ಟರನಿಗೆ ಎಂದಳು. ಯಾರ ಬದುಕೆಂದು ಹೇಳಲಿಲ್ಲ. ಅಲ್ಲಿ ಯಾರೂ ಹಾಗೆ ಹೇಳುತ್ತಿರಲಿಲ್ಲ.

ಓದಿ ಮುಗಿಸಿದಾಗ ಮೊದಲು ಬಾಯಿ ತೆರೆದವನು ಕಾನ್ರಾಡ್.

“ಇದು ಗಿಲ್‌ಗೆ ಹೋಗ್ಲಿ. ವಾಲ್ಟರ್ ಒಂದ್ಸಲ ಅತ್ತುಬಿಟ್ರೆ ಮುಂದಿನ ವಾರ ಅವನನ್ನ ನೋಡಿ ಯಾರು ನಗ್ತಾರೆ?”

ಎಲ್ಲರೂ ಒಪ್ಪಿದರು. ಅವರು ಒಪ್ಪಿದ್ದನ್ನು ಡೆಲಿಯಾ ಬರೆದುಕೊಂಡಳು. ಸಂಜೆ ವಾಲ್ಟರ್ ಎಂಬ ಹೆಸರನ್ನು ಅಳಿಸಿ ಅದೇ ಜಾಗದಲ್ಲಿ ಗಿಲ್ ಎಂದು ಟೈಪ್ ಮಾಡಿದಳು. ಜಾಹೀರಾತು ಹೋಗಿ ಕ್ಷೌರದಂಗಡಿ ಬಂತು, ಸೂಪು ಹೋಗಿ ಗಿರಾಕಿಗಳ ಹರಟೆ ಬಂತು. ಉಳಿದದ್ದೆಲ್ಲ ಹಾಗೆಯೇ ಇತ್ತು.

ತಿದ್ದಿದ ಪುಟಗಳು ನಟರ ಕೈಗೆ ಗುಲಾಬಿ ಹಾಳೆಯಲ್ಲಿ ಹೋಗುತ್ತವೆ. ಮರುದಿನ ಓರೆಸ್ಟ್ ಅವನ್ನು ಹಿಡಿದು ಅವಳ ಮೇಜಿನ ಬಳಿ ಬಂದರು. ಬಯ್ಯಲಿ ಎಂದು ಅವಳು ಕಾದಳು.

“ಒಂದು ಮಾತೂ ಬಿಟ್ಟಿಲ್ಲವಲ್ಲಮ್ಮ,” ಎಂದರು. ಮತ್ತೆ, “ಅವನು ಹೇಳೋವಾಗ ನಾನೆಲ್ಲಿರ್ತೀನಿ?”

“ಹಿಂದೆ ಕುರ್ಚೀಲಿ. ಮುಖಕ್ಕೆ ಪೇಪರ್ ಅಡ್ಡ ಹಿಡ್ಕೊಂಡು.”

“ಅಡ್ಡ ಇರುತ್ತಲ್ಲ. ಹಾಗಾದ್ರೆ ಸರಿ.”

ಚಿತ್ರೀಕರಣದ ದಿನ ಎರಡು ಸಲ ನಿಲ್ಲಿಸಬೇಕಾಯಿತು. ಹಿಂದಿನಿಂದ ಪೇಪರ್ ಸದ್ದು ಮಾಡುತ್ತಿದೆ ಎಂದು ಧ್ವನಿಮುದ್ರಣದವನು ಗೊಣಗಿದ. ಕೊನೆಗೆ ಪೇಪರನ್ನು ರಟ್ಟಿಗೆ ಅಂಟಿಸಿ ಅವರ ಕೈಗೆ ಕೊಟ್ಟರು.

* * *

ಎಂಜಲು ತಟ್ಟೆಗಳನ್ನು ಎತ್ತಿಕೊಂಡು ಡೆಲಿಯಾ ಅಡಿಗೆಮನೆಗೆ ಬಂದಳು. ಯಾವ ಸಮಾರಂಭದಲ್ಲೂ ಅವಳು ಅಡಗುವುದು ಅಲ್ಲೇ. ಒಳಗೆ ಲೆಸ್ಯಾ ಒಬ್ಬಳೇ ರಬ್ಬರ್ ಕೈಗವಸು ತೊಟ್ಟು ದೊಡ್ಡ ಹಂಡೆಯನ್ನು ನಲ್ಲಿಯ ಕೆಳಗಿಟ್ಟು ನೀರು ಬಿಟ್ಟಿದ್ದಳು. ಇವತ್ತು ನೀನು ಪಾತ್ರೆ ಮುಟ್ಟಬಾರದು ಎಂದು ಚರ್ಚಿನ ಹೆಂಗಸರು ಬೇಡಿಕೊಂಡರೂ ಕೇಳಿರಲಿಲ್ಲ.

“ನೀವು ಟೀವಿಯವರಾ?”

ಹೌದೆಂದು ಡೆಲಿಯಾ ತಲೆಯಾಡಿಸಿದಳು. ಲೆಸ್ಯಾ ಗೋಡೆಯ ಕಡೆ ನೋಡಿಕೊಂಡೇ ಮಾತು ತೆಗೆದಳು. ಗಿಲ್‌ನ ಆ ದೃಶ್ಯ ಬಂದ ವಾರ ಅದನ್ನು ಫೋನಿನಲ್ಲಿ ಹಿಡಿದುಕೊಂಡು ಅಪ್ಪನ ಮನೆಗೆ ಹೋಗಿದ್ದಳಂತೆ. ಅಪ್ಪನನ್ನು ಕೂರಿಸಿ ಪೂರ್ತಿ ತೋರಿಸಿದಳಂತೆ. ಪೇಪರ್ ಹಿಂದೆ ಕೂತವನು ಅಪ್ಪನೇ ಎಂದು ಗೊತ್ತಿದ್ದೂ.

“ನೋಡಿ ಕಲಿ ಅಂದೆ. ತಾರಸ್ ಥರಾನೇ ಮುಳುಗಿದ ಅವನ ಮಗಾನೂ ಸುಳ್ಳು, ಅಳೋದೂ ಸುಳ್ಳು, ಆದ್ರೂ ಬಾಯಿ ಬಿಟ್ಟು ಹೇಳ್ದ. ನಿನ್ನ ಮಗ ನಿಜವಾಗ್ಲೂ ಸತ್ತ. ಇಪ್ಪತ್ತಾರು ವರ್ಷದಲ್ಲಿ ಒಂದ್ಸಲ ಅವನ ಹೆಸರೆತ್ತಿದೀಯಾ ಅಂದೆ.”

“ಅವರು ಏನಂದ್ರು?”

“‘ಚೆನ್ನಾಗಿ ಹೇಳ್ತಾನೆ’ ಅಂದ್ರು. ಎದ್ದು ಹೋಗಿ ಚಹಾಕ್ಕೆ ನೀರಿಟ್ರು.” ಲೆಸ್ಯಾ ತೋಳಿನಿಂದ ಮೂಗೊರೆಸಿಕೊಂಡಳು. “ಅವತ್ತು ಬಾಗಿಲು ದಢಾರ್ ಅಂತ ಹಾಕ್ಕೊಂಡು ಬಂದೋಳು ಮತ್ತೆ ಹೋಗ್ಲಿಲ್ಲ. ಆಸ್ಪತ್ರೆಯವರು ಫೋನ್ ಮಾಡೋ ತನಕ.”

ಡೆಲಿಯಾ ತಟ್ಟೆಗಳನ್ನು ಬಾಗಿಲ ಪಕ್ಕದ ಮೇಜಿನ ಮೇಲಿಟ್ಟಳು.

“ಹೊರಗೆ ಮಾತಾಡಿದ್ರಲ್ಲ, ಅವರೇ ತಾನೇ ಅದನ್ನ ಬರೆದೋರು?” ಲೆಸ್ಯಾ ಕೈಗವಸಿನ ಒಂದೊಂದೇ ಬೆರಳು ಎಳೆದು ಸಡಿಲಿಸತೊಡಗಿದಳು. “ಅವರು ಹೊರಡೋದ್ರೊಳಗೆ ಒಂದು ಥ್ಯಾಂಕ್ಸ್ ಹೇಳ್ಬೇಕು. ನಮ್ಮಪ್ಪ ಕೊಡದೇ ಇದ್ದದ್ದನ್ನ ಅವರು ಕೊಟ್ರು.”

ಬಾಗಿಲಿಗೂ ಲೆಸ್ಯಾಳಿಗೂ ನಡುವೆ ಡೆಲಿಯಾ ನಿಂತಿದ್ದಳು. ಸರಿದು ದಾರಿ ಬಿಡುವುದು ಅವಳ ಹುಟ್ಟುಗುಣ. ಸರಿಯಲಿಲ್ಲ.

“ಅವರಿಗೆ ಹೇಳ್ಬೇಡಿ,” ಎಂದಳು. ಧ್ವನಿ ಸಣ್ಣದಾಗಿತ್ತು, ಆದರೆ ನೀರಿನ ಸದ್ದಿನ ಮೇಲೆ ಕೇಳಿಸಿತು. “ಅದು ನಿಮ್ಮಪ್ಪನ ಮಾತು. ಒಂದೊಂದೂ ಅವರದೇ. ಅಪ್ಪನಾಗಿ ಹೇಳೋಕಾಗಲ್ಲ, ವಾಲ್ಟರ್ ಆಗಿ ನಿಮಗೆ ಹೇಳ್ತೀನಿ ಅಂತ ನನ್ನ ಹತ್ರ ಕೊಟ್ಟಿದ್ರು. ಅವರ ಹೆಸರು ಅಳಿಸಿ ಇನ್ನೊಬ್ಬನ ಹೆಸರು ಹಾಕಿದೋಳು ನಾನು.”

ಹಂಡೆ ತುಂಬಿತು. ನೀರು ಅಂಚು ದಾಟಿ, ಕಟ್ಟೆಯ ಮೇಲೆ ಹರಡಿ, ನೆಲಕ್ಕೆ ಇಳಿದು ಇಬ್ಬರ ಕಪ್ಪು ಬೂಟುಗಳ ಸುತ್ತ ಹರಿಯಿತು. ಲೆಸ್ಯಾ ಅರ್ಧ ಕಳಚಿದ ಕೈಗವಸನ್ನು ಹಿಡಿದು ಹಾಗೇ ನಿಂತಿದ್ದಳು. ನಲ್ಲಿ ಅವಳ ಮೊಣಕೈಯ ಪಕ್ಕದಲ್ಲೇ ಇತ್ತು.