ಗೋಡೆಯ ಮೇಲಿಲ್ಲದ ‘ರು’

ನಾಯಕ ತನ್ನನ್ನು ‘ಪ್ರಚಾರ ವಿಭಾಗದ ಮುಖ್ಯಸ್ಥ’ ಎಂದು ಕರೆದ ಖುಷಿಗೇ ಅರ್ಧಾಕ್ಷರ ಅವನ ನಿಷೇಧಿತ ಕ್ರಾಂತಿಸೇನೆಗೆ ಸೇರಿಬಿಟ್ಟ. ಬೋರ್ಡು ಬರೆದು ಹೊಟ್ಟೆ ಹೊರೆಯುತ್ತಿದ್ದವನನ್ನು ಅಲ್ಲಿಯವರೆಗೆ ಯಾರೂ ಯಾವುದಕ್ಕೂ ಮುಖ್ಯಸ್ಥ ಎಂದಿರಲಿಲ್ಲ. ಪದದ ನಡುವಿನ ಅಕ್ಷರ ನುಂಗುವ ಚಾಳಿಗೆ ಶಾಲೆಯಲ್ಲೇ ಅಂಟಿದ ಹೆಸರು ಅರ್ಧಾಕ್ಷರ.

ಮೊದಲ ಕೆಲಸ, ಸರ್ಕಾರಿ ಕಚೇರಿಯ ಗೋಡೆಯ ಮೇಲೆ ‘ಸರ್ಕಾರ ಉರುಳಿಸಿ’ ಎಂದು ಆಳೆತ್ತರಕ್ಕೆ ಬರೆಯುವುದು. ಬರೆದ. ಕೆಂಪು ಅಕ್ಷರ, ಅಂಚಿಗೆ ಕಪ್ಪು ನೆರಳು, ನೋಡಲು ಬಲು ಚೆಂದ. ‘ರು’ ಮಾತ್ರ ಇರಲಿಲ್ಲ. ‘ಸರ್ಕಾರ ಉಳಿಸಿ’ ಎಂದಾಗಿತ್ತು. ಪೊಲೀಸರು ಬಂದಾಗ ಅವನಿನ್ನೂ ಹಿಂದೆ ಸರಿದು ಅಂದ ನೋಡುತ್ತಿದ್ದ.

ನಾಯಕನೂ ಅದೇ ವಾರ ಸಿಕ್ಕಿಬಿದ್ದ, ಸಿಡಿಮದ್ದಿನ ಚೀಲವನ್ನೇ ತಲೆದಿಂಬು ಮಾಡಿಕೊಂಡು ಗೊರಕೆ ಹೊಡೆಯುತ್ತಿದ್ದಾಗ. ಅವನ ಕಥೆ ಮುಗಿದಂತೆಯೇ. ಅರ್ಧಾಕ್ಷರನ ವಿರುದ್ಧ ಇದ್ದದ್ದು ಗೋಡೆಯೊಂದೇ.

“ನೀನು ಬೇಕಂತಲೇ ‘ಉಳಿಸಿ’ ಅಂತ ಬರೆದೆ ಅಂತ ವಾದಿಸ್ತೀನಿ,” ಎಂದ ವಕೀಲ, ಜೈಲಿನ ಕಂಬಿಯಾಚೆಯಿಂದ. “ಸರ್ಕಾರಿ ವಕೀಲರು ಕಾಗುಣಿತದ ತಪ್ಪು ಅಂತಾರೆ. ಜಡ್ಜು ನಿನ್ನ ಕೈಲೇ ‘ಉರುಳಿಸಿ’ ಬರೆಸ್ತಾರೆ. ಸರಿ ಬರೆದರೆ ಗೋಡೆ ಮೇಲಿದ್ದದ್ದು ತಪ್ಪಲ್ಲ ಅಂತಾಯ್ತು, ಮನೆಗೆ. ತಪ್ಪಿದರೆ ಐದು ವರ್ಷ ಒಳಗೆ.”

ಪಕ್ಕದಲ್ಲಿದ್ದ ಅಕ್ಕ ಹಣೆ ಚಚ್ಚಿಕೊಂಡಳು. ಅವಳು ಶಾಲೆಯಲ್ಲಿ ಕನ್ನಡ ಕಲಿಸುವವಳು. “ಐದು ವರ್ಷ ಗ್ಯಾರಂಟಿ ಬಿಡಿ, ಲಾಯರೇ. ನನ್ನ ಮದುವೇಲಿ ‘ನವದಂಪತಿಗಳಿಗೆ ಸ್ವಾಗತ’ ಬರೆಯೋ ಅಂದರೆ ‘ನವಪತಿಗಳಿಗೆ ಸ್ವಾಗತ’ ಅಂತ ಬರೆದಿದ್ದ. ಗಂಡಂದಿರು ಎಷ್ಟು ಜನ ಅಂತ ನೆಂಟರೆಲ್ಲ ಹುಡುಕ್ತಾ ನಿಂತಿದ್ದರು!”

ಅಂದಿನಿಂದ ಭೇಟಿಯ ಹೊತ್ತೆಲ್ಲ ಪಾಠವೇ.

“ಉ. ಆಮೇಲೆ?”

“ಳಿ.”

“ಕತ್ತೆ! ರು ಎಲ್ಲೋ?”

“ಬಾಯಲ್ಲಿದೆ ಅಕ್ಕಾ, ಕೈಗೆ ಇಳೀತಿಲ್ಲ.”

ಅಕ್ಕ ಬಿಡಲಿಲ್ಲ. ಕೊನೆಕೊನೆಗೆ ಕಾವಲುಗಾರನೂ ‘ಉ-ರು-ಳಿ-ಸಿ’ ಎಂದು ಗುನುಗುತ್ತ ಬೀಗ ಹಾಕುತ್ತಿದ್ದ.

ವಿಚಾರಣೆಯ ದಿನ ಜಡ್ಜು ಕಾಗದ ಕೊಡಿಸಿ, “ಸರ್ಕಾರ ಉರುಳಿಸಿ,” ಎಂದು ಗಟ್ಟಿಯಾಗಿ ಹೇಳಿದರು. ತೂಕಡಿಸುತ್ತಿದ್ದ ಗುಮಾಸ್ತ ಬೆಚ್ಚಿಬಿದ್ದ. ಅರ್ಧಾಕ್ಷರ ನಾಲಿಗೆ ಕಚ್ಚಿಕೊಂಡು ಬರೆದ. ‘ಉ’ ಆದ ಮೇಲೆ ಕೈ ನಿಂತಿತು. ದೂರದಲ್ಲಿ ಅಕ್ಕ ತುಟಿ ಚೂಪು ಮಾಡಿದಳು. ‘ರು’ ಇಳಿಯಿತು.

“ಸರಿಯಾಗಿದೆ,” ಎಂದರು ಜಡ್ಜು.

“ಎರಡೂ ಪದ ಗೊತ್ತಿದ್ದೇ ‘ಉಳಿಸಿ’ ಅಂತ ಬರೆದಿದ್ದಾನೆ, ಸ್ವಾಮಿ!” ವಕೀಲ ಬೀಗಿದ.

ಕಟಕಟೆಯಲ್ಲಿ ಪಕ್ಕದಲ್ಲೇ ನಿಂತಿದ್ದ ನಾಯಕ ಕೆಂಡವಾದ. “ದ್ರೋಹಿ! ಹಂಗಾದರೆ ಬೇಕಂತಲೇ ‘ರು’ ಬಿಟ್ಟೆಯಾ?”

ದ್ರೋಹಿ ಎನಿಸಿಕೊಂಡದ್ದನ್ನು ಪ್ರಚಾರ ವಿಭಾಗದ ಮುಖ್ಯಸ್ಥನಿಂದ ತಡೆದುಕೊಳ್ಳಲಾಗಲಿಲ್ಲ. “ಅಯ್ಯೋ, ಇಲ್ಲಣ್ಣಾ! ಅಕ್ಕನಾಣೆ, ಮರೆತೇ ಹೋಗಿತ್ತು!”

ವಕೀಲ ಫೈಲು ಮುಚ್ಚಿದ. ಐದು ವರ್ಷ.

ಮುಂದಿನ ಭೇಟಿಗೆ ಅಕ್ಕ ಸ್ಲೇಟು ತಂದಳು. “ಟೈಮಂತೂ ಬೇಕಾದಷ್ಟಿದೆ. ಒತ್ತಕ್ಷರವನ್ನೂ ಕಲಿತುಬಿಡು. ಬರಿ: ಮೂರ್ಖ.”

ಅರ್ಧಾಕ್ಷರ ಶ್ರದ್ಧೆಯಿಂದ ಬರೆದು ತೋರಿಸಿದ. ಅರ್ಕಾವತ್ತು ಇರಲಿಲ್ಲ.